ಶಿಕ್ಷಣ ಸಮಾಧಾನ: ಪರದೆಯ ಪಾಠ, ಮಕ್ಕಳ ಕಲಿಕೆ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರಗಳು ಮೊಬೈಲು, ಟ್ಯಾಬ್, ಸ್ಮಾರ್ಟ್ ಬೋರ್ಡ್ ಮತ್ತು ಕೃತಕ ಬುದ್ಧಿಮತ್ತೆಯನ್ನು ಕುರಿತಾಗಿಯೇ ಇದ್ದವು. ಅವುಗಳಲ್ಲಿ ಆರನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ, ಪ್ರಶ್ನೆಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಏಳನೆಯ ತರಗತಿಯಲ್ಲಿದ್ದಾನೆ. ಶಾಲೆಯಿಂದ ಬಂದ ಮೇಲೆ ಮೊಬೈಲಿನಲ್ಲಿ ಗಣಿತ ಮತ್ತು ವಿಜ್ಞಾನದ ವಿಡಿಯೊ ಪಾಠಗಳನ್ನು ಎರಡು ಗಂಟೆ ನೋಡುತ್ತಾನೆ. ಆಟವಾಡದೆ ಪಾಠವನ್ನೇ ನೋಡುತ್ತಾನೆ ಎಂಬುದನ್ನು ಪಕ್ಕದಲ್ಲಿ ಕುಳಿತು ಖಚಿತಪಡಿಸಿಕೊಂಡಿದ್ದೇನೆ. ಕೇಳಿದರೆ ಎಲ್ಲವೂ ಅರ್ಥವಾಯಿತು ಎನ್ನುತ್ತಾನೆ. ಆದರೆ ಕಿರುಪರೀಕ್ಷೆಯ ಅಂಕಗಳು ಮೊದಲಿಗಿಂತ ಕಡಿಮೆಯಾಗಿವೆ. ಮೊಬೈಲನ್ನು ಪೂರ್ತಿ ನಿಲ್ಲಿಸಿಬಿಡಲೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಎಲ್ಲವೂ ಅರ್ಥವಾದಂತೆ ಅನ್ನಿಸಿರುತ್ತದೆ. ಒಳ್ಳೆಯ ವಿಡಿಯೊ ಪಾಠದಲ್ಲಿ ಬಣ್ಣದ ಚಿತ್ರಗಳು ಸರಾಗವಾಗಿ ಬಂದುಹೋಗುತ್ತವೆ, ಹೇಳುವವರ ಮಾತು ಎಲ್ಲಿಯೂ ತಡವರಿಸುವುದಿಲ್ಲ, ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತ ಹೋಗುತ್ತದೆ. ಆ ಸರಾಗವೆಲ್ಲ ಹೇಳುವವರದು. ಕೇಳುವ ಮಗು ಅದನ್ನು ತನ್ನದೆಂದು ತಿಳಿದುಬಿಡುತ್ತದೆ. ಈಜುವವರನ್ನು ದಡದಲ್ಲಿ ನಿಂತು ನೋಡಿದವರಿಗೆ ಈಜು ಸುಲಭವಾಗಿ ಕಾಣುವಂತೆಯೇ ಇದು.

ಇಂದು ಸಂಜೆ ಒಂದು ಪ್ರಯೋಗ ಮಾಡಿ. ಭಿನ್ನರಾಶಿಗಳ ಭಾಗಾಕಾರದ ಪಾಠವನ್ನು ಅವನು ನೋಡಲಿ. ಮುಗಿದ ಕೂಡಲೇ ಮೊಬೈಲನ್ನು ಕವುಚಿಟ್ಟು, ಅಡುಗೆಮನೆಗೆ ಕರೆದು, ‘ಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಪಾತ್ರೆಗಳಿವೆ, ಎಷ್ಟು ಪಾತ್ರೆ ತುಂಬುತ್ತದೆ’ ಎಂದು ಕೇಳಿ. ಯಾವುದರಿಂದ ಭಾಗಿಸುತ್ತೇವೆಯೋ ಆ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂಬ ಸೂತ್ರ ಅವನ ಬಾಯಿಯಲ್ಲಿರುತ್ತದೆ. ಆದರೆ ಈ ಹಾಲಿನ ಲೆಕ್ಕವೂ ಅದೇ ಲೆಕ್ಕ ಎಂಬುದು ಬಹಳ ಮಕ್ಕಳಿಗೆ ಮೊದಲ ಸಲ ಹೊಳೆಯುವುದಿಲ್ಲ. ಒಂದು ಪಾತ್ರೆ ತುಂಬಿ, ಇನ್ನೊಂದು ಅರ್ಧಕ್ಕೆ ನಿಂತದ್ದನ್ನು ತಾನೇ ಸುರಿದು ನೋಡಿ, ‘ಒಂದೂವರೆ’ ಎಂದು ಅವನು ಹೇಳಿದಾಗ ಆ ಪಾಠ ಅವನದಾಗುತ್ತದೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು, ಇನ್ನು ಕೆಲವರು ಬರಹವನ್ನು ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರಿಗೆ ಶೇ. 42ರಷ್ಟು, ಮುಚ್ಚಿಟ್ಟು ಬರೆದವರಿಗೆ ಶೇ. 56ರಷ್ಟು ವಿಷಯ ನೆನಪಿತ್ತು. ನಿಮ್ಮ ಮಗನ ಕಿರುಪರೀಕ್ಷೆಯೂ ಪಾಠ ನೋಡಿದ ಐದು ನಿಮಿಷಕ್ಕೆ ಬರುವುದಿಲ್ಲ, ವಾರದ ಮೇಲೆ ಬರುತ್ತದೆ.

ಆದ್ದರಿಂದ ಮೊಬೈಲನ್ನು ಕಸಿದುಕೊಳ್ಳಬೇಡಿ. ಎರಡು ಗಂಟೆಯನ್ನು ಅರ್ಧ ಗಂಟೆಗೆ ಇಳಿಸಿ. ಹತ್ತು ನಿಮಿಷ ನೋಡಲಿ, ನಿಲ್ಲಿಸಲಿ, ನೋಟ್ ಪುಸ್ತಕ ತೆಗೆದು ಪರದೆಯತ್ತ ಕಣ್ಣು ಹಾಯಿಸದೆ ಲೆಕ್ಕವನ್ನು ಮತ್ತೆ ಮಾಡಲಿ. ಎಲ್ಲಿ ಸಿಕ್ಕಿಕೊಂಡನೋ ಆ ಭಾಗವನ್ನು ಮಾತ್ರ ಮತ್ತೆ ನೋಡಲಿ. ಬೇಕಾದಲ್ಲಿ ನಿಲ್ಲಿಸುವ, ಬೇಕಾದಲ್ಲಿಂದ ಮತ್ತೆ ಕೇಳುವ ಈ ಅನುಕೂಲ ತರಗತಿಯ ಪಾಠಕ್ಕಿಲ್ಲ. ವಿಡಿಯೊದ ನಿಜವಾದ ಲಾಭ ಅದೇ, ಮಕ್ಕಳು ಬಳಸದೆ ಬಿಡುವುದೂ ಅದನ್ನೇ. ಇನ್ನು, ನಿಮಗೆ ಗಣಿತ ಬಾರದು ಎಂದು ಪತ್ರದ ಕೊನೆಯಲ್ಲಿ ಸಂಕೋಚದಿಂದ ಬರೆದಿದ್ದೀರಿ. ಬಾರದಿರುವುದೇ ಒಳ್ಳೆಯದಾಯಿತು ಎಂದುಕೊಳ್ಳಿ. ‘ನನಗೆ ಗೊತ್ತಿಲ್ಲ, ನೀನೇ ಹೇಳಿಕೊಡು’ ಎನ್ನುವ ತಾಯಿಯ ಎದುರು ಮಗು ಕಲಿಯುವಷ್ಟು ಚೆನ್ನಾಗಿ ಬೇರೆಲ್ಲಿಯೂ ಕಲಿಯುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದು ಎರಡು ವರ್ಷವಾಯಿತು. ಬಳಸದಿದ್ದರೆ ಏಕೆ ಬಳಸಲಿಲ್ಲ ಎಂದು ಕೇಳುತ್ತಾರೆ. ಬಳಸಲು ಹೋದರೆ ಕರೆಂಟ್ ಇರುವುದಿಲ್ಲ, ಇದ್ದರೂ ಪಾಠ ಮುಗಿಯುವುದಿಲ್ಲ. ಎಂಟನೆಯ ತರಗತಿಯ ಅರ್ಧ ಮಕ್ಕಳಿಗೆ ಭಾಗಾಕಾರವೇ ಬಾರದಿರುವಾಗ ಈ ಬೋರ್ಡಿನಿಂದ ಏನು ಪ್ರಯೋಜನ?
– ಒಬ್ಬ ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಜಿಲ್ಲೆಗೆ ಪರದೆಯ ಪಾಠ ಹೊಸದಲ್ಲ ಎಂಬುದನ್ನು ಮೊದಲು ನೆನಪಿಸುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠ ತಲುಪಿಸುವ ‘ಸೈಟ್’ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ವಿದ್ಯುತ್ತಿಲ್ಲದ ಕಡೆ ಬ್ಯಾಟರಿಯಿಂದ ಟಿ.ವಿ. ನಡೆಸಿದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮಗಳು. ಆ ಪ್ರಯೋಗದಲ್ಲಿ ಪರದೆಯ ಮುಂದೆ ಮಕ್ಕಳನ್ನು ಕೂರಿಸಿದ್ದಷ್ಟೇ ಅಲ್ಲ, ಶಿಕ್ಷಕರಿಗೂ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು, ಕೆಟ್ಟ ಪೆಟ್ಟಿಗೆಗಳನ್ನು ದುರಸ್ತಿ ಮಾಡುವವರನ್ನೂ ಗೊತ್ತುಪಡಿಸಿದರು. ಮುಂದೆ 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿತು. ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದವು. ಅಂದರೆ ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಅರ್ಧ ಶತಮಾನದ ಅನುಭವವಿದೆ. ಹೀಗಿದ್ದೂ ಪ್ರತಿ ಸಲ ಯಂತ್ರ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ನನಗೆ ನೋವು ತರುತ್ತದೆ.

ಯಂತ್ರವನ್ನು ಮಾತ್ರ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಪೆರು ದೇಶ ತೋರಿಸಿಕೊಟ್ಟಿದೆ. ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಹಂಚುವ ದೊಡ್ಡ ಯೋಜನೆಯನ್ನು ಅಲ್ಲಿ ಕೈಗೊಂಡರು. 319 ಗ್ರಾಮೀಣ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಏರಿಕೆ ಕಂಡುಬರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆ ದೆಹಲಿಯದು, ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬಹುಪಾಲು ಆರರಿಂದ ಒಂಬತ್ತನೆಯ ತರಗತಿಯವರೇ ಆಗಿದ್ದ 619 ಮಕ್ಕಳನ್ನು ಕುರಿತು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳಲ್ಲೂ ಬಹಳ ಮಂದಿ ತಮ್ಮ ತರಗತಿಗಿಂತ ಹಲವು ವರ್ಷ ಹಿಂದಿದ್ದರು. ಶಾಲೆಯ ನಂತರದ ಕೇಂದ್ರದಲ್ಲಿ ಒಂದು ತಂತ್ರಾಂಶವು ಮೊದಲು ಪ್ರತಿ ಮಗುವಿಗೆ ಎಲ್ಲಿಯವರೆಗೆ ಬರುತ್ತದೆ ಎಂದು ಪರೀಕ್ಷಿಸಿ, ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ಅದರ ಜೊತೆಗೆ ಚಿಕ್ಕ ಗುಂಪುಗಳಲ್ಲಿ ಪಾಠ ಹೇಳುವವರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಅವರು ಗಮನಾರ್ಹವಾಗಿ ಮುಂದೆ ಬಂದರು. ಎಂಟನೆಯ ತರಗತಿಯ ಪಠ್ಯವನ್ನು ದೊಡ್ಡ ಪರದೆಯಲ್ಲಿ ತೋರಿಸಿದರೆ, ಭಾಗಾಕಾರ ಬಾರದ ಮಗುವಿಗೆ ಅದು ದೊಡ್ಡದಾಗಿ ಕಾಣುವ ಅರ್ಥವಾಗದ ಪಾಠವೇ. ನಿಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ವಾರಕ್ಕೆರಡು ಅವಧಿ ಭಾಗಾಕಾರ. ಅದಕ್ಕೆ ಕರಿಹಲಗೆ, ಸ್ಲೇಟು, ಹುಣಸೆಬೀಜ ಸಾಕು. 2022-23ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮದ ಅಭ್ಯಾಸದ ಹಾಳೆಗಳು ನಿಮ್ಮ ಶಾಲೆಯಲ್ಲಿ ಉಳಿದಿದ್ದರೆ ಅವನ್ನೂ ತೆಗೆಯಿರಿ.

ಹಾಗಾದರೆ ಬೋರ್ಡು ಯಾವುದಕ್ಕೆ? ಸೀಮೆಸುಣ್ಣದಿಂದ ಆಗದ ಕೆಲಸಕ್ಕೆ. ನಾನು ಪಾಠ ಹೇಳುತ್ತಿದ್ದ ಕೊನೆಯ ವರ್ಷಗಳಲ್ಲಿ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ತ್ರಿಭುಜ ಬರೆದು, ಮೂರು ಕೋನಗಳ ಅಳತೆ ಪಕ್ಕದಲ್ಲಿ ಕಾಣುವಂತೆ ಮಾಡಿ, ಮೇಲಿನ ಶೃಂಗವನ್ನು ಎಳೆಯಲು ಒಬ್ಬ ಹುಡುಗಿಗೆ ಹೇಳಿದೆ. ಎಳೆದಂತೆಲ್ಲ ಮೂರೂ ಅಂಕಿಗಳು ಬದಲಾಗುತ್ತಿದ್ದವು, ಮೊತ್ತ ಮಾತ್ರ 180ರಲ್ಲೇ ನಿಂತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಸರ್, ಅದನ್ನು ಕೆಳಗಿನ ಗೆರೆಯ ಮೇಲೇ ತಂದು ಇಟ್ಟರೆ?’ ಎಂದ. ಹುಡುಗಿ ನಿಧಾನವಾಗಿ ಕೆಳಗೆ ತಂದಳು. ಮೇಲಿನ ಕೋನ 150 ಆಯಿತು, 170 ಆಯಿತು, 178 ಆಯಿತು, ಉಳಿದೆರಡೂ ಸೊನ್ನೆಯ ಹತ್ತಿರ ಬಂದವು. ಗೆರೆಗೆ ಮುಟ್ಟಿದಾಗ ತ್ರಿಭುಜವೇ ಮಾಯವಾಗಿ ಸರಳಕೋನ ಉಳಿಯಿತು. ಇಪ್ಪತ್ತೈದು ವರ್ಷ ಆ ಪ್ರಮೇಯವನ್ನು ಕಲಿಸಿದ್ದ ನಾನು ಆ ಪ್ರಶ್ನೆಯನ್ನು ಯಾವ ಮಗುವಿನಿಂದಲೂ ಕೇಳಿರಲಿಲ್ಲ. ಹತ್ತು ನಿಮಿಷದ ಕೆಲಸ ಅದು. ತಿಂಗಳಿಗೆ ಇಂಥ ನಾಲ್ಕು ಹತ್ತು ನಿಮಿಷಗಳನ್ನು ಆರಿಸಿಕೊಳ್ಳಿ, ಬೋರ್ಡಿನ ಕಡ್ಡಿ ಮಕ್ಕಳ ಕೈಯಲ್ಲಿರಲಿ, ಉಳಿದ ದಿನ ಬೋರ್ಡಿಗೆ ಬಟ್ಟೆ ಹೊದಿಸಿದ್ದರೂ ನೀವು ತಪ್ಪು ಮಾಡಿದಂತಲ್ಲ. ಏಕೆ ಬಳಸಲಿಲ್ಲ ಎಂದು ಕೇಳುವವರಿಗೆ ಆ ನಾಲ್ಕು ಪಾಠಗಳ ಟಿಪ್ಪಣಿಯನ್ನು ತೋರಿಸಿ. ಕರೆಂಟ್ ಹೋದ ಅವಧಿಗಳನ್ನೂ ದಿನಾಂಕ ಸಹಿತ ಬರೆದಿಡಿ.

ಪ್ರಶ್ನೆ: ಮನೆಗೆ ಬಂದ ಕಲಿಕಾ ಕಂಪನಿಯೊಂದರ ಪ್ರತಿನಿಧಿ ನನ್ನ ಮಗಳಿಗೆ ಅಲ್ಲಿಯೇ ಪರೀಕ್ಷೆ ಕೊಟ್ಟು, ಅವಳು ಬಹಳ ಹಿಂದಿದ್ದಾಳೆ ಎಂದು ಹೆದರಿಸಿ, ಟ್ಯಾಬ್ ಮತ್ತು ಮೂರು ವರ್ಷದ ಪಾಠಗಳಿಗೆ ಸಹಿ ಹಾಕಿಸಿಕೊಂಡರು. ಅದು ಸಾಲದ ಪತ್ರ ಎಂದು ಕಂತು ಕಡಿತವಾದ ಮೇಲೆ ತಿಳಿಯಿತು. ಮಗಳು ಈಗ ಟ್ಯಾಬನ್ನು ಮುಟ್ಟುವುದಿಲ್ಲ.
– ಒಬ್ಬ ತಂದೆ, ಬೆಂಗಳೂರು

ಉತ್ತರ: ಇಂಥ ದೂರುಗಳು ಹೆಚ್ಚಿದ್ದರಿಂದಲೇ ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಪಾಲಕರಿಗೆ ಎಚ್ಚರಿಕೆಯ ಸೂಚನೆ ಹೊರಡಿಸಿ, ಸಾಲದ ಕಾಗದಗಳಿಗೆ ತಿಳಿಯದೆ ಸಹಿ ಹಾಕಬೇಡಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಡಬೇಡಿ ಎಂದು ಹೇಳಿತು. ನೀವು ಈಗ ಮಾಡಬೇಕಾದದ್ದು ಇಷ್ಟು. ಒಪ್ಪಂದ ರದ್ದುಪಡಿಸಬೇಕೆಂದು ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಪರಿಹಾರವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಂತನ್ನು ಮಾತ್ರ ಯಾರನ್ನೂ ಕೇಳದೆ ನಿಲ್ಲಿಸಬೇಡಿ, ಅದು ನಿಮ್ಮ ಸಾಲದ ದಾಖಲೆಗೆ ಕಪ್ಪುಚುಕ್ಕೆಯಾಗುತ್ತದೆ. ಬ್ಯಾಂಕಿನವರೊಡನೆ ಮಾತನಾಡಿ ಮುಂದುವರಿಯಿರಿ. ಮತ್ತೊಂದು ಮಾತು. ಮಾರಾಟಕ್ಕೆ ಬಂದವರು ಕೊಟ್ಟ ಪರೀಕ್ಷೆಯಲ್ಲಿ ಮಗಳು ‘ಹಿಂದಿದ್ದಾಳೆ’ ಎಂದು ಅವಳ ಎದುರಿಗೇ ಹೇಳಿದ್ದಾರೆ. ಅದು ನಿಜವಲ್ಲ ಎಂದು ನೀವು ಅವಳಿಗೆ ಸ್ಪಷ್ಟವಾಗಿ ಹೇಳಿದ್ದೀರಾ? ಹೇಳಿರದಿದ್ದರೆ ಇಂದೇ ಹೇಳಿ.

ಪ್ರಶ್ನೆ: ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದೆ. ಹಗಲು ಯಜಮಾನರ ಬಳಿ ಇರುತ್ತದೆ, ರಾತ್ರಿ ಮಗ ಹಿಡಿದುಕೊಳ್ಳುತ್ತಾನೆ. ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಸಿಗುವುದೇ ಇಲ್ಲ.
– ಒಬ್ಬ ಗೃಹಿಣಿ, ಕೊಪ್ಪಳ ಜಿಲ್ಲೆ

ಉತ್ತರ: ಗ್ರಾಮೀಣ ಭಾರತದ ಮಕ್ಕಳ ಶಿಕ್ಷಣವನ್ನು ಕುರಿತ 2024ರ ‘ಅಸರ್’ ಸಮೀಕ್ಷೆಯಲ್ಲಿ, 14ರಿಂದ 16 ವಯಸ್ಸಿನ, ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ. 57ರಷ್ಟಿದ್ದರೆ, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇ. 76ರಷ್ಟಿದ್ದರು. ನಿಮ್ಮ ಮಗ ರಾತ್ರಿ ಅದರಲ್ಲಿ ಏನು ಮಾಡುತ್ತಾನೆ ಎಂದು ಒಮ್ಮೆ ಕೇಳಿ ನೋಡಿ. ಈ ವರ್ಷ ಪರೀಕ್ಷೆ ಇರುವುದು ಮಗಳಿಗೆ, ಆದ್ದರಿಂದ ಊಟಕ್ಕೆ ಮೊದಲಿನ ಒಂದು ಗಂಟೆ ಅವಳದೆಂದು ಯಜಮಾನರೇ ಹೇಳಲಿ. ತಂದೆಯ ಬಾಯಿಂದ ಬಂದರೆ ಮನೆಯಲ್ಲಿ ಅದು ನಡೆಯುತ್ತದೆ. ಪಠ್ಯಪುಸ್ತಕದ ಪುಟಗಳಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ ಮತ್ತು ಅಭ್ಯಾಸಗಳು ತೆರೆಯುತ್ತವೆ. ನೆಟ್‌ವರ್ಕ್ ಸಿಗುವ ಕಡೆ ಯಜಮಾನರು ಹಗಲಿನಲ್ಲಿಯೇ ಅವನ್ನು ಡೌನ್‌ಲೋಡ್ ಮಾಡಿಟ್ಟರೆ ಮನೆಯಲ್ಲಿ ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಮಗಳ ಪಾಲಿನ ಸಮಯ ದಾಕ್ಷಿಣ್ಯದ ಮಾತಲ್ಲ. ಇಂಟರ್ನೆಟ್ ಬಳಕೆಯು ಶಿಕ್ಷಣದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರಲ್ಲಿ ತೀರ್ಪು ಕೊಟ್ಟದ್ದು ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಯ ಮೇಲಿನ ನಿರ್ಬಂಧವನ್ನು ಪ್ರಶ್ನಿಸಿದ ಒಬ್ಬ ವಿದ್ಯಾರ್ಥಿನಿಯ ಅರ್ಜಿಯ ಮೇಲೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ವಚನ ಸಾಹಿತ್ಯದ ಬಗ್ಗೆ ಪ್ರಬಂಧ ಬರೆಯಲು ಚಾಟ್‌ಜಿಪಿಟಿಯ ಸಹಾಯ ಪಡೆದೆ. ಉಪನ್ಯಾಸಕರು ಅದರಲ್ಲಿದ್ದ ಒಂದು ವಚನವೇ ಇಲ್ಲ ಎಂದು ತರಗತಿಯಲ್ಲಿ ಹೇಳಿದರು. ನಾಚಿಕೆಯಾಯಿತು. ಇದನ್ನು ಬಳಸುವುದೇ ತಪ್ಪೇ?
– ಒಬ್ಬ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಾಚಿಕೆಯಾದದ್ದನ್ನು ಮುಚ್ಚಿಡದೆ ಬರೆದಿರಿ, ಅದು ನನಗೆ ಬಹಳ ಹಿಡಿಸಿತು. ಏನಾಯಿತು ಎಂಬುದನ್ನು ಮೊದಲು ತಿಳಿಯೋಣ. ಇಂಥ ಯಂತ್ರವು ಅಪಾರ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತದೆ. ಅದರ ಉತ್ತರ ಹುಟ್ಟುವುದು ಆ ಸಂಭವದಿಂದ. ಅಕ್ಕಮಹಾದೇವಿಯ ವಚನ ಕೊಡು ಎಂದರೆ ಹೂವು, ಬೆಟ್ಟ, ವಿರಹ ಇವುಗಳನ್ನು ಹೊಂದಿಸಿ, ಕೊನೆಗೆ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತ ಸೇರಿಸಿಬಿಡಬಲ್ಲದು. ಅಂಕಿತ ಸರಿ, ಧಾಟಿ ಸರಿ, ವಚನ ಮಾತ್ರ ಅಕ್ಕನದಲ್ಲ. ಬಸವಣ್ಣನವರ ‘ಕೂಡಲಸಂಗಮದೇವ’ ಮತ್ತು ಅಲ್ಲಮನ ‘ಗುಹೇಶ್ವರ’ ಅಂಕಿತಗಳೂ ಹೀಗೆಯೇ ಬಳಕೆಯಾಗುತ್ತವೆ. ಎಂಟು ನೂರು ವರ್ಷಗಳಿಂದ ಓಲೆಗರಿಯಲ್ಲಿ, ಬಾಯಿಂದ ಬಾಯಿಗೆ, ಅಚ್ಚಿನಲ್ಲಿ ಉಳಿದು ಬಂದ ಮಾತುಗಳ ನಡುವೆ ಯಾರೂ ಹೇಳದ ಮಾತು ಸೇರಿಕೊಂಡರೆ ಅದನ್ನು ಬೇರ್ಪಡಿಸುವುದು ಮುಂದಿನವರಿಗೆ ಎಷ್ಟು ಕಷ್ಟ ಎಂದು ಯೋಚಿಸಿ. ನಿಮ್ಮ ಉಪನ್ಯಾಸಕರು ಸಿಟ್ಟಾದದ್ದು ಅದಕ್ಕಾಗಿಯೇ ಇರಬೇಕು.

ಪರೀಕ್ಷಿಸುವ ಸಾಧನವೂ ತಂತ್ರಜ್ಞಾನವೇ ಕೊಟ್ಟದ್ದು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಸಾವಿರಾರು ವಚನಗಳನ್ನು ಪದದ ಮೂಲಕ, ವಚನಕಾರರ ಮೂಲಕ ಹುಡುಕಬಹುದು. ಯಂತ್ರ ಕೊಟ್ಟ ವಚನದಿಂದ ಅಪರೂಪದ ಒಂದು ಪದವನ್ನು ಅಲ್ಲಿ ಹಾಕಿ ನೋಡಿ, ಸಿಗದಿದ್ದರೆ ಗ್ರಂಥಾಲಯದ ಸಂಪುಟಕ್ಕೆ ಹೋಗಿ. ಹುಡುಕುತ್ತ ಹೋದಂತೆ ಅದೇ ಪದ ಇನ್ನಿಬ್ಬರು ವಚನಕಾರರಲ್ಲಿ ಬೇರೆ ಅರ್ಥದಲ್ಲಿ ಬಂದಿರುವುದು ಕಾಣುತ್ತದೆ. ಪ್ರಬಂಧ ಹುಟ್ಟುವುದು ಅಲ್ಲಿಂದ.

ಬಳಸುವುದು ತಪ್ಪಲ್ಲ. ನಿಮ್ಮ ಬರಹವನ್ನು ಅದರಿಂದ ಬರೆಸಿಕೊಳ್ಳುವುದು ತಪ್ಪು, ಏಕೆಂದರೆ ಪ್ರಬಂಧ ಬರೆಸುವುದು ಪ್ರಬಂಧ ಬೇಕೆಂದಲ್ಲ. ಅಂಥ ನಲವತ್ತು ಪ್ರಬಂಧಗಳನ್ನು ಉಪನ್ಯಾಸಕರು ಪ್ರತಿ ವರ್ಷ ಓದುತ್ತಾರೆ, ಅವರಿಗೆ ನಲವತ್ತೊಂದನೆಯದರ ಅಗತ್ಯವಿಲ್ಲ. ಬರೆಯುವಾಗ ನಿಮ್ಮ ತಲೆಯಲ್ಲಿ ಆಗುವ ಕೆಲಸಕ್ಕಾಗಿ ಬರೆಸುತ್ತಾರೆ. ನೀವೇ ಬರೆದ ಕರಡನ್ನು ಯಂತ್ರಕ್ಕೆ ಕೊಟ್ಟು, ಎಲ್ಲಿ ವಾದ ಸಡಿಲವಾಗಿದೆ, ಯಾವ ಪ್ರಶ್ನೆಗೆ ಉತ್ತರ ಬಿಟ್ಟುಹೋಗಿದೆ ಎಂದು ಕೇಳಿ. ಅದು ಹೇಳಿದ್ದರಲ್ಲಿ ಅರ್ಧವನ್ನು ನೀವು ಒಪ್ಪಲಾರಿರಿ, ಏಕೆ ಒಪ್ಪುವುದಿಲ್ಲ ಎಂದು ಯೋಚಿಸುವಷ್ಟರಲ್ಲಿ ಬರಹ ಗಟ್ಟಿಯಾಗುತ್ತದೆ. ಸಹಾಯ ಪಡೆದದ್ದನ್ನು ಉಪನ್ಯಾಸಕರಿಗೆ ಮುಂಚಿತವಾಗಿ ಹೇಳಿಬಿಡಿ.

ಪ್ರಶ್ನೆ: ನನ್ನ ತಂಗಿಗೆ ದೃಷ್ಟಿಯಿಲ್ಲ. ಪದವಿಯ ಮೊದಲ ವರ್ಷದಲ್ಲಿ ಕನ್ನಡ ಮತ್ತು ಇತಿಹಾಸ ಓದುತ್ತಿದ್ದಾಳೆ. ಇಂಗ್ಲಿಷ್ ಬರಹವನ್ನು ಕಂಪ್ಯೂಟರ್ ಚೆನ್ನಾಗಿ ಓದಿ ಹೇಳುತ್ತದೆ. ಕನ್ನಡದ ನೋಟ್ಸ್ ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಕನ್ನಡಕ್ಕೆ ಈ ಸೌಲಭ್ಯವೇ ಇಲ್ಲವೇ?
– ಒಬ್ಬ ಅಕ್ಕ, ಕಲಬುರಗಿ

ಉತ್ತರ: ಇದೆ, ದೋಷ ಇರುವುದು ನೋಟ್ಸ್ ಟೈಪ್ ಮಾಡಿದ ರೀತಿಯಲ್ಲಿ. ಮೇಲಿನ ಪತ್ರಗಳಲ್ಲಿ ತಂತ್ರಜ್ಞಾನ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ನಿಮ್ಮ ತಂಗಿಗೆ ಹಾಗಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಅದು ‘ಕ’ ಎಂದು ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಯಾವುದೋ ಇಂಗ್ಲಿಷ್ ಅಕ್ಷರ ಅಥವಾ ಚಿಹ್ನೆ. ಕಾಗದಕ್ಕೆ ಮುದ್ರಿಸಿದರೆ ಅಡ್ಡಿಯಿಲ್ಲ, ಆದರೆ ಓದಿ ಹೇಳುವ ತಂತ್ರಾಂಶಕ್ಕೆ ಒಳಗಿನ ಇಂಗ್ಲಿಷ್ ಅಕ್ಷರವೇ ಸಿಗುತ್ತದೆ. ಯುನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಅದನ್ನು ಯಾವ ಯಂತ್ರವೂ ಕನ್ನಡವೆಂದೇ ಗುರುತಿಸುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿಯೂ ಯುನಿಕೋಡ್ ಇದೆ. ಆದರೂ ಅನೇಕ ಕಚೇರಿ, ಕಾಲೇಜು, ಮುದ್ರಣಾಲಯಗಳಲ್ಲಿ ಹಳೆಯ ರೂಢಿ ಮುಂದುವರಿದಿದೆ. ನಮ್ಮ ಭಾಷೆಯ ಎಷ್ಟೋ ಬರಹ ಹೀಗೆ ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ಪಾಲಿಗೆ ಮುಚ್ಚಿದ ಬಾಗಿಲಾಗಿದೆ, ಇದನ್ನು ನಾನು ತುಂಬ ಬೇಸರದಿಂದ ಬರೆಯುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಹಾಕಿಸಿ. ಅದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್, ಸ್ವತಃ ದೃಷ್ಟಿಯಿಲ್ಲದವರು. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ದನಿ ಸ್ವಲ್ಪ ಯಾಂತ್ರಿಕವಾಗಿದ್ದರೂ ವಾರದಲ್ಲಿ ಕಿವಿಗೆ ರೂಢಿಯಾಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಸೌಲಭ್ಯದಲ್ಲಿಯೂ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಹುದು. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ತಂಗಿಯನ್ನು ಸದಸ್ಯೆಯಾಗಿ ಮಾಡಿಸಿ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯೂ ಧ್ವನಿಪುಸ್ತಕಗಳನ್ನು ಮಾಡುತ್ತ ಬಂದಿದೆ. ಹಕ್ಕುಸ್ವಾಮ್ಯ ಅಡ್ಡಬರುತ್ತದೆ ಎಂದು ಯಾರಾದರೂ ಹೇಳಿದರೆ, 2012ರ ತಿದ್ದುಪಡಿಯ ನಂತರ ಅಂಗವಿಕಲರ ಬಳಕೆಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಭಾರತದ ಕಾನೂನೇ ಅವಕಾಶ ಕೊಟ್ಟಿದೆ ಎಂದು ತಿಳಿಸಿ.

ನೋಟ್ಸ್ ವಿಷಯದಲ್ಲಿ, ಉಪನ್ಯಾಸಕರಿಂದ ಪಿಡಿಎಫ್ ಬದಲಿಗೆ ಟೈಪ್ ಮಾಡಿದ ಮೂಲ ಕಡತವನ್ನೇ ಕೇಳಿ ಪಡೆಯಿರಿ. ಹಳೆಯ ನುಡಿ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಒಂದು ಅಧ್ಯಾಯ ನಿಮಿಷದೊಳಗೆ ಬದಲಾಗುತ್ತದೆ. ಅರ್ಕಾವೊತ್ತು ಇರುವ ಪದಗಳು ಕೆಲವೊಮ್ಮೆ ಕೆಡುತ್ತವೆ, ಅವನ್ನು ನೀವು ಒಮ್ಮೆ ಕಣ್ಣಾಡಿಸಿ ತಿದ್ದಿಕೊಡಿ. ಬರೀ ಮುದ್ರಿತ ಪುಟವಿದ್ದರೆ ಬೆಳಕಿನಲ್ಲಿ ನೇರವಾಗಿ ಫೋಟೊ ತೆಗೆದು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಿ, ಗೂಗಲ್‌ನದೂ ಟೆಸರ‍್ಯಾಕ್ಟ್ ಎಂಬ ಮುಕ್ತ ತಂತ್ರಾಂಶವೂ ಕನ್ನಡವನ್ನು ಗುರುತಿಸುತ್ತವೆ. ತಂಗಿಯ ಮುಂದಿನ ಸೆಮಿಸ್ಟರಿನ ನೋಟ್ಸ್ ಯುನಿಕೋಡ್‌ನಲ್ಲಿಯೇ ಟೈಪ್ ಆಗಬೇಕೆಂದು ಪ್ರಾಂಶುಪಾಲರಿಗೆ ಈ ತಿಂಗಳೇ ಅರ್ಜಿ ಕೊಡಿ, ಅದರಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿ. ಅರ್ಜಿಯ ಕರಡನ್ನು ಕಳಿಸಿದರೆ ತಿದ್ದಿಕೊಡುತ್ತೇನೆ.